ಗಂಗಮ್ಮನಿಗೆ ಕೊಟ್ಟ ಚೆಂಡು

ನನ್ನ ಅತ್ತೆಯ ಅಂಗಾಲು ಸದಾ ಹಸಿರು. ಸೀಳು ಬಿಟ್ಟ ಹಿಮ್ಮಡಿಯೊಳಗೆ ಹುಲ್ಲಿನ ರಸ ಇಳಿದು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಆಕೆ ಅಪ್ಪನ ಅಕ್ಕ. ದೇವನಹಳ್ಳಿ ಬಳಿಯ ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದಳು. ಅಲ್ಲೇ ಹುಲ್ಲು ಕತ್ತರಿಸುವ ಯಂತ್ರದ ಮೆಕ್ಯಾನಿಕ್ ಕೆಲಸಕ್ಕೆ ನನ್ನನ್ನು ಸೇರಿಸಿದವಳೂ ಆಕೆಯೇ. ಬಾವುಟ ನೆಟ್ಟ ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ ಕಾಲಿಡುವ ಮುಂಚೆ ಅತ್ತೆ ಚಪ್ಪಲಿ ಬಿಡುತ್ತಿದ್ದಳು. ನಾನು ಬೂಟಿನಲ್ಲಿ ನಡೆದರೆ ಮುಗಿಯಿತು.

“ಗರಿಕೆ ಕಣ್ಲಾ ಅದು! ಗಣಪನ ತಲೆ ಮೇಲಿಡೋದನ್ನ ತುಳೀತೀಯಲ್ಲ, ಕಣ್ಣು ನೆತ್ತಿಗೇರೈತಾ?”

“ಆಡೋರು ಬೂಟಲ್ಲೇ ತಾನೆ ತುಳಿಯೋದು?”

“ಅವರ ಪಾಪ ಅವರಿಗೆ. ನಿನ್ನ ಕಾಲು ನೀನು ನೋಡ್ಕೊ.”

ಒಮ್ಮೆ ಮಂಗಳೂರು ಕಡೆಯ ಹೆಸರುವಾಸಿ ಮೈದಾನವೊಂದರಲ್ಲಿ ದೊಡ್ಡ ಪಂದ್ಯವಿತ್ತು. ಹುಲ್ಲು ಹಸನು ಮಾಡಲು ನಮ್ಮ ತಂಡವನ್ನು ಕರೆದೊಯ್ದರು. ಕಡಲ ಬದಿಯ ಮೈದಾನಗಳ ಬಗ್ಗೆ ಕೇಳಿದ್ದೆ. ಕಣ್ಣಾರೆ ಕಂಡದ್ದು ಆಗಲೇ. ಕೆಂಪು ಕಲ್ಲಿನ ಗುಡ್ಡ, ತೆಂಗಿನ ಸಾಲು, ಉರಿಬಿಸಿಲು. ಒಂದು ಕಡೆಯಂತೂ ಈ ಬಂಡೆಯಿಂದ ಹೊಡೆದ ಚೆಂಡು ಸಮುದ್ರದ ಮೇಲೆ ಹಾರಿ ಆಚೆ ಬಂಡೆಯ ಹುಲ್ಲಿನ ಮೇಲೆ ಬೀಳಬೇಕು. ಆ ಉಪ್ಪು ಗಾಳಿಯಲ್ಲೂ ಹಬ್ಬಿದ್ದದ್ದು ನಮ್ಮ ಗರಿಕೆಯೇ.

ಅತ್ತೆಗೆ ಕಡಲು ಕಾಣದ ಒಳಬದಿಯ ಕೆಲಸ ಹಾಕಿದ್ದರು. ಹಾಗಾಗಿ ಆಕೆ ಸಮುದ್ರ ಕಂಡದ್ದು ಪಂದ್ಯದ ದಿನವೇ, ಜನ್ಮದಲ್ಲಿ ಮೊದಲ ಸಲ. ಹುಲ್ಲಿನ ಪಕ್ಕದ ಮರಳುಗುಂಡಿ ಸರಿಮಾಡಲೆಂದು ಆಚೆ ಬಂಡೆಯ ಅಂಚಿಗೆ ಬಂದು ತಲೆಯೆತ್ತಿದವಳು ನಿಂತೇಬಿಟ್ಟಳು.

“ಅಯ್ಯೋ ನಮ್ಮವ್ವ... ಕೊನೇನೇ ಇಲ್ವಲ್ಲೋ ಇದ್ಕೆ!”

ಕಣ್ಣಲ್ಲಿ ನೀರು. ಹೊಳೆ ದಾಟುವಾಗ ಕಾಸು ಹಾಕಿ ಕೈಮುಗಿಯುವುದು ನಮ್ಮ ಕಡೆಯ ವಾಡಿಕೆ. ಅತ್ತೆ ಸೊಂಟ ತಡಕಿದಳು. ಕಾಸಿಡುವ ಎಲೆಅಡಿಕೆ ಸಂಚಿ ತರಕೂಡದೆಂದು ಸೂಪರ್‌ವೈಸರ್ ತಾಕೀತು ಮಾಡಿದ್ದರು. ಕಾಲ ಬಳಿ ಒಂದು ಚೆಂಡು ಬಿದ್ದಿತ್ತು. ಯಾರೋ ಬಿಟ್ಟುಹೋದದ್ದಿರಬೇಕೆಂದು ಎತ್ತಿ ಹಣೆಗೊತ್ತಿಕೊಂಡು, “ತಗೋ ತಾಯಿ ಗಂಗಮ್ಮ” ಎಂದು ನೀರಿಗೆ ಎಸೆದಳು.

ಅದು ಪಂದ್ಯದ ಚೆಂಡು. ಆಗಷ್ಟೇ ಸಮುದ್ರ ದಾಟಿ ಬಂದಿತ್ತು.

“ಅತ್ತೆ, ಏನ್ ಮಾಡ್ಬಿಟ್ಟೆ!” ಪಕ್ಕದಲ್ಲೇ ಇದ್ದ ನಾನು ಚೀರಿದೆ. ಓಡಿ ಬಂದ ಸೂಪರ್‌ವೈಸರ್, “ಈಗ್ಲೇ ಬಸ್ ಹತ್ತು. ಇನ್ಮೇಲೆ ಕೆಲಸಕ್ಕೆ ಬರ್ಬೇಡ” ಎಂದು ಕೂಗಿದರು. ಆ ಕೆಲಸವೇ ಅತ್ತೆಯ ಅನ್ನ.

ಅಷ್ಟರಲ್ಲಿ ಆ ಚೆಂಡು ಹೊಡೆದಿದ್ದ ಆಟಗಾರ ಬಂದರು. ಆ ಸೀಮೆಯವರೇ. “ಎಂತ ಮಾಡಿದ್ರಿ ಅಮ್ಮ?”

“ಗಂಗಮ್ಮನ್ನ ಬರಿಗೈಲಿ ನೋಡ್ಬಾರ್ದು ಸ್ವಾಮಿ. ನಿಮ್ದು ಅಂತ ಗೊತ್ತಿದ್ರೆ ನನ್ನ ಮೂಗುಬೊಟ್ಟೇ ಹಾಕ್ತಿದ್ದೆ.”

ಅವರು ಕಡಲ ಕಡೆ ತಿರುಗಿದರು. “ನಾನು ದಿನಾ ನೋಡ್ತೇನೆ. ಒಂದು ದಿನವೂ ಕೈ ಮುಗಿದದ್ದಿಲ್ಲ” ಎಂದರು. ಇಂಥದ್ದಾದರೆ ಬೇರೆ ಚೆಂಡಿಟ್ಟು ಆಡಲು ನಿಯಮದಲ್ಲೇ ಅವಕಾಶವಿದೆಯಂತೆ. ಒಂದನ್ನು ಹುಲ್ಲಿನ ಮೇಲಿಟ್ಟು, ಇನ್ನೊಂದನ್ನು ಅತ್ತೆಯ ಕೈಗಿತ್ತು, “ಇದು ನಿಮ್ಮದೇ” ಎಂದರು. “ಇವರನ್ನು ಕೆಲಸದಿಂದ ಬಿಡಿಸಬೇಡಿ ಮಾರಾಯ್ರೆ” ಎಂದು ಸೂಪರ್‌ವೈಸರ್‌ಗೆ ಹೇಳಿದರು. ಅತ್ತೆ ಮತ್ತೆ ಬಾಯಿ ತೆರೆದಳು. ನಾನು ತೋಳು ಹಿಡಿದು ಎಳೆದೆ. ಆಕೆಯ ಕಣ್ಣು ಗರಿಕೆ ತುಳಿದಿದ್ದ ಆಟಗಾರರ ಬೂಟಿನ ಮೇಲಿತ್ತು.

ಆ ಚೆಂಡು ಅತ್ತೆಯ ದೇವರ ಗೂಡಿನಲ್ಲಿ ಗಣಪನ ಪಕ್ಕ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಹೋದ ವರ್ಷ ಅತ್ತೆ ತೀರಿಕೊಂಡಳು. ಅಸ್ಥಿಯನ್ನು ಶ್ರೀರಂಗಪಟ್ಟಣದಲ್ಲಿ ಬಿಟ್ಟರು. ಒಂದು ಹಿಡಿ ಬೂದಿಯನ್ನು ನಾನು ಕೇಳಿ ಇಟ್ಟುಕೊಂಡೆ. ಯಂತ್ರದ ರಿಪೇರಿಗೆಂದು ಮತ್ತೆ ಆ ಮೈದಾನಕ್ಕೆ ಹೋದಾಗ, ಬೂಟು ಬಿಚ್ಚಿ ಹುಲ್ಲು ದಾಟಿ, ಬಂಡೆಯ ಅಂಚಿನಿಂದ ಬೂದಿ ಬಿಟ್ಟೆ. ಹಿಂದೆಯೇ ದೇವರ ಗೂಡಿನಿಂದ ತಂದಿದ್ದ ಆ ಚೆಂಡನ್ನೂ ಬಿಟ್ಟೆ. ಅತ್ತೆ ಗಂಗಮ್ಮನ ಹತ್ತಿರ ಬರಿಗೈಲಿ ಹೋಗುವವಳಲ್ಲ.