ಅಕ್ಕನಿಗೆ ನಾನು ಹಚ್ಚಿದ ಶುಗರ್

ಮದುವೆಯ ಮಾತೆತ್ತಿದರೆ ಮಸ್ಕಿಯ ನಮ್ಮ ಅಕ್ಕ ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತದೆ, "ನನಗೇನ್ ಅವಸರ ಐತಿ?" ಎನ್ನುತ್ತಿದ್ದಳು. ಮುಂದೆ ಮಗು ಬೇಕಾದೀತೆಂದು ತನ್ನ ಅಂಡಾಣುಗಳನ್ನು ಆಸ್ಪತ್ರೆಯಲ್ಲಿ ಅತಿ ಶೀತದಲ್ಲಿ ಕಾಯ್ದಿರಿಸಲು ಹೊರಟಿದ್ದಳು. ಈ ಗುಟ್ಟು ಗೊತ್ತಿದ್ದುದು ನನಗೊಬ್ಬನಿಗೇ.

ಅದಕ್ಕಾಗಿ ಅವಳು ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವುದನ್ನು ಸಿಂಧನೂರಿನ ಅತ್ತೆ ನೋಡಿ ನನ್ನನ್ನು ಹಿಡಿದಳು.

"ಏನಲೇ ಅದು?"

"ಶುಗರ್ ಐತಿ, ಅತ್ತಿ," ಎಂದುಬಿಟ್ಟೆ.

ಲಿಂಗಸುಗೂರಿನ ಒಬ್ಬ ವರನಿಗಾಗಿ ಮಾತ್ರ ಅಕ್ಕ ಮೆಷಿನ್ ನಿಲ್ಲಿಸಿ ತಲೆಯೆತ್ತಿದ್ದಳು. ಶುಗರ್ ಸುದ್ದಿ ಅವರ ಮನೆಗೆ ತಲುಪಿದ್ದೇ ಆ ಸಂಬಂಧ ಮುರಿಯಿತು.

"ಯಾವ ಕಿಡಿಗೇಡಿ ಹಬ್ಬಿಸ್ಯಾನಲೇ ಇದನ್ನ?"

"ಅತ್ತೀನೇ ಇರಬೇಕು ಬಿಡಕ್ಕ."

ಈಗಲೂ ನೆಂಟರ ಮದುವೆಗಳಲ್ಲಿ ಅಕ್ಕನ ಪಾಲಿನ ಲಾಡು ನನ್ನ ಎಲೆಗೇ ಬೀಳುತ್ತದೆ. ನಾನು ಒಮ್ಮೆಯೂ ಬೇಡ ಎಂದಿಲ್ಲ.