ಹರಿಹರದವರ ಪಾಲಾದ ನಂಬರು

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಬ್ಲೌಸ್ ಹೊಲಿಯುವ ಸರೋಜಾಳ ಗಂಡ ಉಚ್ಚೆಂಗಪ್ಪ ಲಗೇಜ್ ಆಟೋ ಓಡಿಸುತ್ತಿದ್ದ. ಬಾಡಿಗೆ ಸಿಗದಾಗ ಭಜನೆ ಪದ ಹಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿಡುತ್ತಿದ್ದ. ಅವನು ಸತ್ತ ಅಪಘಾತದಲ್ಲಿ ಫೋನೂ ಪುಡಿಯಾಯಿತು. ಹಾಡುಗಳು ಅವನ ಇಮೇಲ್ ಖಾತೆಯಲ್ಲಿ ಉಳಿದಿರುತ್ತವೆ, ತೆರೆಯಲು ಅವನ ನಂಬರಿಗೆ ಬರುವ ಓಟಿಪಿ ಬೇಕು ಎಂದು ಮೊಬೈಲ್ ಅಂಗಡಿಯವನು ಹೇಳಿದ. ಆದರೆ ತಿಂಗಳುಗಟ್ಟಲೆ ರೀಚಾರ್ಜ್ ಇಲ್ಲದೆ ಆ ನಂಬರು ಆಗಲೇ ಬೇರೆಯವರ ಪಾಲಾಗಿತ್ತು.

ಸರೋಜಾ ಆ ನಂಬರಿಗೇ ಫೋನ್ ಮಾಡಿದಳು. ಎತ್ತಿದವನು ಹರಿಹರದ ಗಾರೆ ಕೆಲಸದ ಎರ್ರಿಸ್ವಾಮಿ. ವಿಷಯ ಹೇಳಿ, ಬಂದರೆ ಓಟಿಪಿ ನೋಡಿ ಹೇಳುತ್ತೀಯಾ ಎಂದು ಕೇಳಿದಳು.

"ಅದ್ಕೇನಂತೆ, ಬರ್ರಿ ಅಕ್ಕಾ," ಅಂದ.

ಹರಿಹರದಲ್ಲಿ ಅವನ ಮನೆಯ ಕಟ್ಟೆಯ ಮೇಲೆ ಕೂತು, ಅವನು ಓದಿ ಹೇಳಿದ ಓಟಿಪಿಯನ್ನು ತನ್ನ ಫೋನಿನಲ್ಲಿ ಒತ್ತಿದಳು. ಪರದೆಯ ಮೇಲೆ 'ಹಳೇ ಫೋನಿನಲ್ಲಿ ಒಪ್ಪಿಗೆ ಕೊಡಿ' ಎಂದು ಬಂತು. ಮತ್ತೆ ಒತ್ತಿದರೂ ಅದೇ.

"ಆ ಫೋನ್ ಎಲ್ಲೈತಕ್ಕಾ?"

"ಪುಡಿ ಆಗೈತಪ್ಪಾ."

"ಹಂಗಾರೆ ಆಗಲ್ಲ ಬಿಡ್ರಿ," ಎಂದು ಎರ್ರಿಸ್ವಾಮಿ ತಲೆ ತಗ್ಗಿಸಿದ.

ದಾವಣಗೆರೆಗೆ ಮರಳಿ ಮನೆಯ ಬೀಗ ತೆಗೆಯುವಾಗ ಫೋನ್ ರಿಂಗಾಯಿತು. ಪರದೆಯ ಮೇಲೆ ಗಂಡನ ಹೆಸರು, ಗಂಡನ ಫೋಟೋ. ಎತ್ತಿದಳು.

"ಮನೆ ಮುಟ್ಟಿದ್ರೇನಕ್ಕಾ?" ಎಂದ ಎರ್ರಿಸ್ವಾಮಿ.

"ಹೂಂನಪ್ಪಾ."

ಹೊಸ್ತಿಲಲ್ಲೇ ಕೂತು ಗಂಡನ ಹೆಸರು ಅಳಿಸಿ ಎರ್ರಿಸ್ವಾಮಿಯ ಹೆಸರು ಹಾಕಿದಳು. ಆಮೇಲೆ ಉಚ್ಚೆಂಗಪ್ಪನ ಒಂದು ಹಾಡನ್ನು ನೆನೆಯಲು ನೋಡಿದಳು. ಪದಗಳು ನೆನಪಾದವು, ಅವನ ದನಿ ನೆನಪಾಗಲಿಲ್ಲ.