ಕ್ರಷರ್‌ನಿಂದ ಬಂದ ಮರುಭೂಮಿ

ಮೈಸೂರಿಗೆ ಮರುಭೂಮಿಯ ಮ್ಯೂಸಿಯಂ ಯಾಕೆ ಬೇಕು ಎಂದು ಕೇಳುವಷ್ಟು ಬುದ್ಧಿ ಯಾರಿಗೂ ಇರಲಿಲ್ಲ. ಇಲವಾಲದ ಹತ್ತಿರ ಕಲ್ಯಾಣ ಮಂಟಪ ಇಟ್ಟುಕೊಂಡಿದ್ದವರೊಬ್ಬರು ಪ್ಯಾಕೇಜ್ ಟೂರಿನಲ್ಲಿ ರಾಜಸ್ಥಾನಕ್ಕೆ ಹೋಗಿ, ಎರಡು ದಿನ ಇದ್ದು, ಒಂಟೆಯ ಮೇಲೆ ಕೂತು ಫೋಟೊ ತೆಗೆಸಿಕೊಂಡು ಬಂದರು. ಬಂದವರಿಗೆ ಪ್ರಕೃತಿಯ ಮೇಲೆ ಪ್ರೀತಿ ಉಕ್ಕಿತು. ಮದುವೆಗಳೆಲ್ಲ ಊರೊಳಗಿನ ಎ.ಸಿ. ಹಾಲುಗಳ ಪಾಲಾಗಿ ಮಂಟಪದ ಊಟದ ಮನೆ ಖಾಲಿ ಬಿದ್ದಿದ್ದೂ ಆ ಪ್ರೀತಿಗೆ ಸ್ವಲ್ಪ ಕಾರಣ. ಒಂದು ಟ್ರಸ್ಟ್ ಆಯಿತು, ಊಟದ ಮನೆಯೇ ಮ್ಯೂಸಿಯಂ ಆಯಿತು. ಗೋಡೆಯುದ್ದಕ್ಕೂ ಇದ್ದ ಕೈ ತೊಳೆಯುವ ನಲ್ಲಿಗಳನ್ನು ಮಾತ್ರ ಯಾರೂ ಕೀಳಲಿಲ್ಲ. ಪಾಪಸುಕಳ್ಳಿಯ ಕುಂಡಗಳನ್ನು ಅವುಗಳ ಕೆಳಗೇ ಜೋಡಿಸಿದರು. ಒಂದು ನಲ್ಲಿ ತೊಟ್ಟಿಕ್ಕುತ್ತಿದ್ದರಿಂದ ಅದರ ಕೆಳಗಿನ ಕಳ್ಳಿ ಕೊಳೆತುಹೋಯಿತು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿ ನಿವೃತ್ತಳಾದ ನಾನು ದಟ್ಟಗಳ್ಳಿಯಿಂದ ಎರಡು ಬಸ್ಸು ಹತ್ತಿ ಶನಿವಾರ ಶನಿವಾರ ಅಲ್ಲಿಗೆ ಹೋಗುತ್ತಿದ್ದೆ. ಸಂಬಳವಿಲ್ಲ. ಸೀರೆಯ ಸೆರಗಿಗೆ ‘ಮಾರ್ಗದರ್ಶಿ’ ಎಂಬ ಬ್ಯಾಡ್ಜು, ನಾಲ್ಕು ಗಂಟೆಗೆ ನೀರು ನೀರಾದ ಕಾಫಿ. ಅಲ್ಲಿದ್ದವರಲ್ಲಿ ಓದಿಕೊಂಡವಳು ನಾನೊಬ್ಬಳೇ ಎಂದು ನನಗೆ ಗೊತ್ತಿತ್ತು. ಬೇರೆಯವರಿಗೂ ಅದು ಮರೆತುಹೋಗದಂತೆ ನೋಡಿಕೊಳ್ಳುತ್ತಿದ್ದೆ.

ಅಲ್ಲಿನ ಕಾರ್ಯಕ್ರಮಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಪ್ರಾರ್ಥನೆ, ಸ್ವಾಗತ, ದೀಪ, ಆಮೇಲೆ ಅತಿಥಿಗೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಅತಿಥಿ ತಾನು ಪ್ರಕೃತಿಪ್ರೇಮಿ ಎಂದು ಮುಕ್ಕಾಲು ಗಂಟೆ ಕೊರೆಯುವಷ್ಟರಲ್ಲಿ ಮಕ್ಕಳಿಗೆ ಹಸಿವಾಗಿ, ಪ್ರದರ್ಶನ ನೋಡುವುದಕ್ಕೆ ಹತ್ತು ನಿಮಿಷ ಉಳಿಯುತ್ತಿತ್ತು. ಚಿತ್ರಸ್ಪರ್ಧೆಯಲ್ಲಿ ಎಲ್ಲ ಮಕ್ಕಳೂ ಪಿರಮಿಡ್ಡು ಬರೆದರು, ತೀರ್ಪುಗಾರರು ಅತಿ ದೊಡ್ಡ ಪಿರಮಿಡ್ಡಿಗೆ ಬಹುಮಾನ ಕೊಟ್ಟರು. ಮರುಭೂಮಿಯ ಸೆಖೆ ತಿಳಿಯಲೆಂದು ಒಂದು ಕೋಣೆಯಲ್ಲಿ ಎರಡು ಹೀಟರ್ ಇಟ್ಟಿದ್ದರು. ಒಳಗೆ ಹೋಗಿಬಂದ ಹೆಂಗಸೊಬ್ಬರು, “ನಮ್ಮ ಅಡುಗೆಮನೆ ಇದಕ್ಕಿಂತ ಬಿಸಿ ಕಣ್ರೀ” ಎಂದರು. ಆ ವರ್ಷ ಅಲ್ಲಿ ಕೇಳಿಬಂದ ಒಂದೇ ಒಂದು ತಿಳಿವಳಿಕೆಯ ಮಾತು ಅದು.

ನಡುವೆ ಒಂದು ದೊಡ್ಡ ತೊಟ್ಟಿಯಲ್ಲಿ ಮರಳಿತ್ತು. ಅದು ನಮ್ಮ ಮುಖ್ಯ ಪ್ರದರ್ಶನ. ರಾಜಸ್ಥಾನದಿಂದ ಮರಳು ತರಿಸುವುದು ದುಬಾರಿಯೆಂದು ಟ್ರಸ್ಟಿನ ಕಾರ್ಯದರ್ಶಿ ಹತ್ತಿರದ ಕ್ರಷರ್‌ನಿಂದ ಒಂದು ಟಿಪ್ಪರ್ ಎಮ್ ಸ್ಯಾಂಡ್ ಹಾಕಿಸಿದ್ದರು, ಕಲ್ಲು ಪುಡಿಮಾಡಿ ಮನೆ ಕಟ್ಟುವುದಕ್ಕೆ ಮಾರುತ್ತಾರಲ್ಲ, ಅದೇ. ಬೂದು ಬಣ್ಣವಿತ್ತೆಂದು ಎರಡು ಮೂಟೆ ಕಾವಿ ಪುಡಿ ಬೆರೆಸಿದರು. ಟಿಪ್ಪರ್ ಸುರಿದಾಗ ನಾನು ಪಕ್ಕದಲ್ಲೇ ಮೂಗು ಮುಚ್ಚಿಕೊಂಡು ನಿಂತಿದ್ದೆ. “ಥಾರ್ ಮರುಭೂಮಿಯ ಮರಳು ಅಂತ ಒಂದು ಚೀಟಿ ಬರೆದುಕೊಡಿ ಮೇಡಂ, ನಿಮ್ಮ ಅಕ್ಷರ ಮುದ್ದಾಗಿದೆ” ಎಂದರು ಕಾರ್ಯದರ್ಶಿ. ಅವರನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದುಕೊಂಡು ಬರೆದುಕೊಟ್ಟೆ. ಆಮೇಲೆ ಪ್ರತಿ ಶನಿವಾರ ಮಕ್ಕಳ ಕೈಗೆ ಅದನ್ನು ಸುರಿದು, “ಗಾಳಿ ಸಾವಿರಾರು ವರ್ಷ ಉಜ್ಜಿ ಉಜ್ಜಿ ಮಾಡಿದ ಮರಳು ಇದು” ಎಂದು ಹೇಳುತ್ತಿದ್ದೆ. ಹೇಳಿ ಹೇಳಿ ಬಾಯಿಗೆ ರೂಢಿಯಾಗಿತ್ತು.

ಒಂದು ಶನಿವಾರ ಸಮುದಾಯದ ದಿನ ಎಂದು ಮಾಡಿದರು. ಸಮುದಾಯ ಎಂದರೆ ಫೋಟೊದಲ್ಲಿ ಬಡವರೂ ಕಾಣಬೇಕು ಎಂದರ್ಥ. ಉದಯಗಿರಿಗೆ ಒಂದು ಬಸ್ಸು ಕಳಿಸಿ ಮೆಕ್ಯಾನಿಕ್ಕುಗಳು, ಗಾರೆ ಕೆಲಸದವರು, ಅವರ ಹೆಂಡತಿ ಮಕ್ಕಳು ಎಲ್ಲರನ್ನೂ ತುಂಬಿಸಿಕೊಂಡು ಬಂದರು. ಬಾಗಿಲಲ್ಲೇ ಒಬ್ಬಾತ ನನ್ನನ್ನು ತಡೆದ. ಇಸ್ತ್ರಿ ಮಾಡಿದ ಅಂಗಿ, ಸಿಮೆಂಟು ತಿಂದ ಬೆರಳುಗಳು. ಪಕ್ಕದಲ್ಲಿ ಹನ್ನೆರಡು ಹದಿಮೂರರ ಮಗಳು, ಸ್ಕೂಲಿನ ಯೂನಿಫಾರ್ಮಿನಲ್ಲೇ.

“ಇವ್ಳಿಗೆ ತೋರಿಸ್ಬೇಕು ಅಂತಾನೇ ಬಂದೆ ಮೇಡಂ,” ಎಂದ. “ಇವ್ಳು ಹುಟ್ಟಿದ್ ವರ್ಷ ಸೌದಿಗೆ ಹೋದೆ, ಒಂಬತ್ತು ವರ್ಷ ಮರಳುಗಾಡಲ್ಲೇ ಕೆಲ್ಸ. ನಾನು ಬಂದಾಗ ಇವ್ಳಿಗೆ ಗುರುತೇ ಸಿಗ್ಲಿಲ್ಲ. ಈಗ್ಲೂ ಅಷ್ಟಕ್ಕಷ್ಟೇ. ಅಲ್ಲಿ ಎಂಗಿದ್ದೆ ಅಂತ ಬಾಯಲ್ಲಿ ಹೇಳಕ್ಕೆ ಬರಲ್ಲ ನಂಗೆ. ಕಣ್ಣಾರೆ ನೋಡ್ಬುಟ್ರೆ ಗೊತ್ತಾಯ್ತದೆ.”

“ಸಾಲಿನಲ್ಲಿ ಬನ್ನಿ,” ಎಂದೆ ನಾನು. ಇಂಥ ಕಥೆ ಕೇಳುತ್ತ ನಿಂತರೆ ಅತಿಥಿಯ ಭಾಷಣ ಶುರುವಾಗುವುದರೊಳಗೆ ಅರ್ಧ ಜನಕ್ಕೂ ತೋರಿಸಲು ಆಗುತ್ತಿರಲಿಲ್ಲ.

ತೊಟ್ಟಿಯ ಸುತ್ತ ಎಲ್ಲರೂ ನಿಂತರು. ಗಾಳಿ ಉಜ್ಜಿದ ಕಥೆ ಹೇಳಿ ಮುಗಿಸಿದೆ. ಆತ ಒಂದು ಹಿಡಿ ಮರಳು ತೆಗೆದುಕೊಂಡು ಅಂಗೈಯಲ್ಲಿ ಉಜ್ಜಿ ನೋಡಿದ, ಮತ್ತೆ ಉಜ್ಜಿದ, ಮಗಳ ಕಡೆ ಬಗ್ಗಿ ಮೆಲ್ಲಗೆ ಏನೋ ಹೇಳಿದ. ನನ್ನನ್ನು ಸಿಕ್ಕಿಹಾಕಿಸಬೇಕೆಂದು ಹೇಳಿದ್ದಲ್ಲ, ಮಗಳೊಬ್ಬಳಿಗೇ ಹೇಳಿದ್ದು. ಆ ಹುಡುಗಿ ತರಗತಿಯಲ್ಲಿ ಕೈಯೆತ್ತುವ ಹಾಗೆ ಕೈಯೆತ್ತಿದಳು.

“ಮೇಡಂ, ಇದು ಮರಳುಗಾಡಿನ ಮರಳಲ್ಲ, ಎಮ್ ಸ್ಯಾಂಡು ಅಂತಾರೆ ನಮ್ಮಪ್ಪ. ಹೌದಾ ಮೇಡಂ?”

ಎಲ್ಲರೂ ನನ್ನ ಕಡೆ ತಿರುಗಿದರು. ಆತನಿಗೆ ಮುಜುಗರವಾಯಿತು. “ಅಲ್ಲಿ ಮರಳು ಇಂಗೆ ಚುಚ್ಚಲ್ಲ ಮೇಡಂ, ರಾಗಿ ಹಿಟ್ಟಿನಂಗೆ ಜಾರ್ತದೆ,” ಎಂದ. “ಅದ್ರಲ್ಲಿ ಗಾರೆನೂ ನಿಲ್ಲಲ್ಲ. ಅದ್ಕೇ ಹೇಳ್ದೆ, ತಪ್ಪು ತಿಳ್ಕೋಬ್ಯಾಡಿ.”

ಹೌದಪ್ಪಾ, ನೀನು ಹೇಳಿದ್ದೇ ಸರಿ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾಲ್ಕು ಮಾತು. ಆಡಿದ್ದರೆ ಆ ಮಗುವಿನ ಕಣ್ಣಿನಲ್ಲಿ ಆತ ಒಂದು ಗೇಣು ಎತ್ತರವಾಗುತ್ತಿದ್ದ. ಕಾರ್ಯದರ್ಶಿ ದೂರದಿಂದ ಕಣ್ಸನ್ನೆ ಮಾಡಿದರು, ನಿಜ, ಆದರೆ ನಾನು ಆ ಮಾತು ಆಡದೇ ಹೋದದ್ದು ಅವರಿಗೆ ಹೆದರಿ ಅಲ್ಲ. ಮೂವತ್ತು ವರ್ಷ ಪಾಠ ಹೇಳಿದವಳನ್ನು ಗಾರೆಯವನೊಬ್ಬ ತಿದ್ದುವುದೇ ಎಂದು ಸಿಟ್ಟು ಬಂದಿತ್ತು. ಮರುಭೂಮಿಯನ್ನು ನಾನು ಇವತ್ತಿಗೂ ನಕ್ಷೆಯಲ್ಲಿ ಬಿಟ್ಟರೆ ನೋಡಿಲ್ಲ.

“ಮರಳು ಜರಡಿ ಹಿಡಿದವರೆಲ್ಲ ಭೂಗೋಳ ಹೇಳಿದರೆ ನಾವು ಓದಿದ್ದು ಯಾಕಪ್ಪಾ?” ಎಂದೆ. “ನೀನು ನೋಡಿದ್ದು ಅರೇಬಿಯಾ. ಇದು ಥಾರ್. ಚೀಟಿ ಇದೆ, ಓದಿಕೋ.”

ಜನ ನಕ್ಕರು. ನಾನು ನಗಿಸಿದ್ದು ಚೆನ್ನಾಗಿಯೇ ಇತ್ತು, ಮೇಷ್ಟರಿಗೆ ಅದೊಂದು ಬರುತ್ತದೆ. ಹುಡುಗಿಯ ಮುಖ ಕೆಂಪಾಯಿತು. “ಸುಮ್ನಿರಪ್ಪಾ, ಮೇಡಂಗೆ ಗೊತ್ತಿರಲ್ವಾ?” ಎಂದು ಆತನ ಕೈಯನ್ನು ಕೊಡವಿ ಹಿಂದೆ ಸರಿದಳು. ಆತ ಮರಳನ್ನು ತೊಟ್ಟಿಗೆ ಸುರಿದು, ಅಂಗೈಗೆ ಹತ್ತಿದ ಕಾವಿಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಸಾಲಿನ ಕೊನೆಗೆ ಹೋಗಿ ನಿಂತ. ಮಗಳು ನನ್ನ ಪಕ್ಕದಲ್ಲೇ ನಡೆದು ಎಲ್ಲವನ್ನೂ ನೋಟ್ ಬುಕ್ಕಿನಲ್ಲಿ ಬರೆದುಕೊಂಡಳು.

ಸಂಜೆ ಬಸ್ಸು ಹೊರಟುಹೋದ ಮೇಲೆ ಕಾರ್ಯದರ್ಶಿ ಅಭಿಪ್ರಾಯದ ಪುಸ್ತಕ ಹಿಡಿದುಕೊಂಡು ಓಡಿಬಂದರು. “ನೋಡಿ ಮೇಡಂ, ಸಮುದಾಯ ಅಂದ್ರೆ ಇದು! ಗ್ರೂಪಿಗೆ ಹಾಕ್ತೀನಿ” ಎಂದು ಆ ಪುಟದ ಫೋಟೊ ತೆಗೆದುಕೊಂಡು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ದುಂಡು ಅಕ್ಷರದಲ್ಲಿ ಹುಡುಗಿ ಬರೆದಿದ್ದಳು: ‘ಮ್ಯೂಸಿಯಂ ತುಂಬಾ ಚೆನ್ನಾಗಿದೆ. ಮೇಡಂ ಎಲ್ಲವನ್ನೂ ಚೆನ್ನಾಗಿ ತಿಳಿಸಿದರು. ನಮ್ಮ ತಂದೆ ಓದಿಲ್ಲ. ಅವರು ತಪ್ಪು ಹೇಳಿದ್ದಕ್ಕೆ ದಯವಿಟ್ಟು ಕ್ಷಮಿಸಿ.’

ಮಕ್ಕಳು ಬರೆದರೆ ಕೆಳಗೆ ಪೋಷಕರ ಸಹಿ ಬೇಕೆಂಬ ನಿಯಮವಿತ್ತು. ಆತ ಸಹಿ ಹಾಕಿದ್ದ.